ನೀರು ಹೀರುವ ಗಾಜು: ರಂಧ್ರಗಳೊಳಗಿನ ರಸಾಯನದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಸರಂಧ್ರ ಸಿಲಿಕಾ ಗಾಜು, ಅಂದರೆ ಮೈತುಂಬ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಂಧ್ರಗಳಿರುವ ಗಾಜು, ಹಿಂದಿನ ಸಂಚಿಕೆಯ ಒಂದು ಕಿರು ಟಿಪ್ಪಣಿಯಲ್ಲಿ ಪ್ರಸ್ತಾಪವಾಗಿತ್ತು. ಅದನ್ನು ಓದಿದ ವಿದ್ಯಾರ್ಥಿಗಳಿಂದ, ಅಧ್ಯಾಪಕರಿಂದ, ಪ್ರಯೋಗಾಲಯಗಳಲ್ಲಿ ದುಡಿಯುವವರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಗಾಜನ್ನು ರಾಸಾಯನಿಕವಾಗಿ ಸಂಸ್ಕರಿಸುವುದಕ್ಕೆ ಸಂಬಂಧಿಸಿದವು. ಆದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಗಾಜಿನಲ್ಲಿ ಇಷ್ಟು ಸಣ್ಣ ರಂಧ್ರಗಳು ಹೇಗೆ ಉಂಟಾಗುತ್ತವೆ? ಕಾಲುಭಾಗಕ್ಕಿಂತ ಹೆಚ್ಚು ಜಾಗ ಟೊಳ್ಳಾಗಿದ್ದರೂ ಅದು ಪಾರದರ್ಶಕವಾಗಿ ಉಳಿಯುವುದು ಸಾಧ್ಯವೆ?

ಉತ್ತರ: ಈ ರಂಧ್ರಗಳನ್ನು ಯಾರೂ ಕೊರೆಯುವುದಿಲ್ಲ, ಗಾಜು ತಾನೇ ಎರಡಾಗಿ ಬೇರ್ಪಡುವ ಸ್ವಭಾವವನ್ನು ಬಳಸಿಕೊಳ್ಳಲಾಗುತ್ತದೆ. ಸಿಲಿಕಾ, ಬೋರಿಕ್ ಆಕ್ಸೈಡ್ ಮತ್ತು ಸೋಡಿಯಂ ಆಕ್ಸೈಡ್‌ಗಳನ್ನು ತಕ್ಕ ಪ್ರಮಾಣದಲ್ಲಿ ಕರಗಿಸಿ ಮಾಡಿದ ಗಾಜನ್ನು 500ರಿಂದ 700 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಸಾಕಷ್ಟು ಹೊತ್ತು ಇರಿಸಿದರೆ, ಅದರೊಳಗೆ ಸಿಲಿಕಾ ಹೆಚ್ಚಾಗಿರುವ ಒಂದು ಭಾಗವೂ ಸೋಡಿಯಂ ಬೋರೇಟ್ ಹೆಚ್ಚಾಗಿರುವ ಇನ್ನೊಂದು ಭಾಗವೂ ಪರಸ್ಪರ ಹೆಣೆದುಕೊಂಡು ಬೆಳೆಯುತ್ತವೆ. ಬಳಿಕ ಅದನ್ನು ಬಿಸಿಯಾದ ದುರ್ಬಲ ಆಮ್ಲದಲ್ಲಿಟ್ಟಾಗ ಬೋರೇಟ್ ಭಾಗ ಕರಗಿ ಹೊರಹೋಗುತ್ತದೆ. ಉಳಿದ ಹಂದರದಲ್ಲಿ ಸುಮಾರು 96 ಪ್ರತಿಶತ ಸಿಲಿಕಾ ಇರುತ್ತದೆ. ಅಮೆರಿಕದ ಕಾರ್ನಿಂಗ್ ಸಂಸ್ಥೆಯಲ್ಲಿ ಹುಡ್ ಮತ್ತು ನಾರ್ಡ್‌ಬರ್ಗ್ ಎಂಬ ಇಬ್ಬರು 1930ರ ದಶಕದಲ್ಲಿ ರೂಪಿಸಿದ ಈ ವಿಧಾನದಿಂದ ಬಂದ ಗಾಜು ವೈಕಾರ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಅವರಿಗೆ ಬೇಕಾಗಿದ್ದುದು ರಂಧ್ರಗಳಲ್ಲ. ರಂಧ್ರಮಯ ಗಾಜನ್ನು ಸುಮಾರು 1200 ಡಿಗ್ರಿಗೆ ಕಾಯಿಸಿ ರಂಧ್ರಗಳನ್ನು ಮುಚ್ಚಿಸಿ, ಶುದ್ಧ ಸಿಲಿಕಾ ಗಾಜಿಗೆ ಸಮೀಪದ ಶಾಖ ಸಹಿಷ್ಣುತೆಯುಳ್ಳ ಗಾಜನ್ನು ಕಡಿಮೆ ಉಷ್ಣತೆಯಲ್ಲಿ ಅಚ್ಚಿಗೆ ತರುವುದು ಅವರ ಉದ್ದೇಶವಾಗಿತ್ತು. ನಡುವಿನ ಹಂತವೇ ಒಂದು ಸ್ವತಂತ್ರ ವಸ್ತುವಾಗಿ ಬಾಳಿದ್ದು ಆಮೇಲಿನ ಕಥೆ.

ಇಂಥ ಗಾಜಿನಲ್ಲಿ ರಂಧ್ರಗಳ ವ್ಯಾಸ ಸಾಮಾನ್ಯವಾಗಿ 4 ನ್ಯಾನೋಮೀಟರ್‌ನಷ್ಟು; ಒಟ್ಟು ಗಾತ್ರದ ಸುಮಾರು 28 ಪ್ರತಿಶತ ಟೊಳ್ಳು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 400ರಿಂದ 700 ನ್ಯಾನೋಮೀಟರ್ ಆದ್ದರಿಂದ, ಅದರ ನೂರನೆಯ ಒಂದು ಭಾಗದಷ್ಟಿರುವ ರಂಧ್ರಗಳು ಬೆಳಕನ್ನು ಗಣನೀಯವಾಗಿ ಚದುರಿಸಲಾರವು. ಆದರೆ ಒದ್ದೆಯಾದ ತುಂಡೊಂದು ಒಣಗುವುದನ್ನು ಗಮನವಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಮೊದಲು ತಿಳಿಯಾಗಿದ್ದ ಗಾಜು ನಡುವೆ ಹಾಲಿನಂತೆ ಬೆಳ್ಳಗಾಗಿ, ಪೂರ್ತಿ ಒಣಗಿದ ಮೇಲೆ ಮತ್ತೆ ತಿಳಿಯಾಗುತ್ತದೆ. ಅರ್ಧ ಒಣಗಿದ ಹಂತದಲ್ಲಿ ನೀರು ತುಂಬಿದ ರಂಧ್ರಗಳೂ ಬರಿದಾದ ರಂಧ್ರಗಳೂ ದೊಡ್ಡ ದೊಡ್ಡ ಗುಂಪುಗಳಾಗಿ ನಿಲ್ಲುತ್ತವೆ. ಆ ಗುಂಪುಗಳ ಗಾತ್ರ ಬೆಳಕಿನ ತರಂಗಾಂತರಕ್ಕೆ ಹತ್ತಿರವಾಗುವುದರಿಂದ ಬೆಳಕು ಚದುರುತ್ತದೆ. ಇದನ್ನು ಕಂಡು ಗಾಜು ಕೆಟ್ಟಿತೆಂದು ಎಸೆಯುವವರಿದ್ದಾರೆ, ಹಾಗೆ ಮಾಡಬೇಕಾಗಿಲ್ಲ.

ಮುಂದಿನ ಉತ್ತರಗಳಿಗೆಲ್ಲ ಬೇಕಾಗುವ ಒಂದು ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ರಂಧ್ರಗಳನ್ನು ಕೊಳವೆಗಳೆಂದು ಭಾವಿಸಿದರೆ, ಒಂದು ಗ್ರಾಂ ಗಾಜಿನೊಳಗಿನ ಗೋಡೆಗಳ ವಿಸ್ತೀರ್ಣವು ರಂಧ್ರಗಳ ಒಟ್ಟು ಗಾತ್ರದ ನಾಲ್ಕುಪಟ್ಟನ್ನು ವ್ಯಾಸದಿಂದ ಭಾಗಿಸಿದಷ್ಟಾಗುತ್ತದೆ. ಗ್ರಾಂಗೆ ಸುಮಾರು 0.2 ಘನ ಸೆಂಟಿಮೀಟರ್ ರಂಧ್ರ, 4 ನ್ಯಾನೋಮೀಟರ್ ವ್ಯಾಸ ಎಂದಿಟ್ಟುಕೊಂಡರೆ ಬರುವ ಉತ್ತರ 200 ಚದರ ಮೀಟರ್. ಬೆರಳ ತುದಿಯಲ್ಲಿ ಹಿಡಿಯುವ ಚೂರಿನೊಳಗೆ ಇಷ್ಟು ಮೇಲ್ಮೈ ಅಡಗಿರುವಾಗ, ಆ ವಸ್ತುವಿನ ನಡವಳಿಕೆಯನ್ನು ನಿರ್ಧರಿಸುವುದು ಗಾಜಿನ ಒಡಲಿಗಿಂತ ಹೆಚ್ಚಾಗಿ ಅದರ ಗೋಡೆ.

ಪ್ರಶ್ನೆ: ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿಟ್ಟಿದ್ದ ಸರಂಧ್ರ ಗಾಜಿನ ಬಿಲ್ಲೆಗಳು ಹಳದಿ ಬಣ್ಣಕ್ಕೆ ತಿರುಗಿವೆ. ಕುಲುಮೆಯಲ್ಲಿ ಕಾಯಿಸಿದರೆ ಸರಿಹೋಗುತ್ತದೆಯೆ? ಇನ್ನೊಂದು ಬಿಲ್ಲೆಯನ್ನು ತೊಳೆಯಲೆಂದು ನೀರಿಗೆ ಹಾಕಿದಾಗ ಅದು ಸೀಳಿಹೋಯಿತು. ಕಾರಣವೇನು?

ಉತ್ತರ: ಹಳದಿ ಬಣ್ಣ ಗಾಜಿನದಲ್ಲ, ಗಾಜು ಹೀರಿಕೊಂಡ ಸಾವಯವ ಆವಿಗಳದು. ಮರದ ಕಪಾಟು, ರಬ್ಬರ್ ಮುಚ್ಚಳ, ಪ್ಲಾಸ್ಟಿಕ್ ಚೀಲ, ನಿರ್ವಾತ ಪಂಪಿನ ಎಣ್ಣೆ ಇವೆಲ್ಲ ಅತ್ಯಲ್ಪ ಪ್ರಮಾಣದಲ್ಲಿ ಬಿಡುವ ಆವಿಯನ್ನು ಈ ಗಾಜು ತಿಂಗಳುಗಟ್ಟಲೆ ಸಂಗ್ರಹಿಸುತ್ತಲೇ ಇರುತ್ತದೆ. ಹಳದಿಯಾದ ಬಿಲ್ಲೆಯನ್ನು ನೇರವಾಗಿ ಕುಲುಮೆಗಿಟ್ಟರೆ ಆ ಸಾವಯವ ವಸ್ತುಗಳು ರಂಧ್ರದೊಳಗೇ ಇಂಗಾಲವಾಗಿ ಕರಕಲಾಗಿ ಕೂರುವ ಅಪಾಯವಿದೆ; ಹಳದಿಯನ್ನು ಹೋಗಲಾಡಿಸುವುದು ಸುಲಭ, ಕಪ್ಪನ್ನು ಹೋಗಲಾಡಿಸುವುದು ಕಷ್ಟ. ರೂಢಿಯಲ್ಲಿರುವ ವಿಧಾನವೆಂದರೆ, ಬಿಲ್ಲೆಯನ್ನು 30 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ, ಕುದಿಯುವ ಮಟ್ಟಕ್ಕೆ ತುಸು ಕೆಳಗಿನ ಉಷ್ಣತೆಯಲ್ಲಿ ಬಣ್ಣ ಹೋಗುವ ತನಕ ಇರಿಸಿ, ಬಳಿಕ ಭಟ್ಟಿ ಇಳಿಸಿದ ನೀರಿನಲ್ಲಿ ಹಲವು ಸಲ ತೊಳೆಯುವುದು. ಈ ಸಾಂದ್ರತೆಯ ಪೆರಾಕ್ಸೈಡ್ ಚರ್ಮವನ್ನು ಸುಡುತ್ತದೆ, ಸಾವಯವ ದ್ರಾವಕಗಳ ಜೊತೆ ಸೇರಿದರೆ ಸ್ಫೋಟಿಸಲೂಬಹುದು. ಆದ್ದರಿಂದ ಹೊಗೆಗೂಡಿನಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಸಣ್ಣ ಪ್ರಮಾಣದಲ್ಲಿ ಮಾತ್ರ ಈ ಕೆಲಸ ನಡೆಯಬೇಕು. ಅಸಿಟೋನಿನಲ್ಲಿ ತೊಳೆದ ಬಿಲ್ಲೆಯನ್ನು ಎಂದಿಗೂ ನೇರವಾಗಿ ಪೆರಾಕ್ಸೈಡಿಗೆ ಹಾಕಬಾರದು. ರಂಧ್ರದಲ್ಲಿ ಉಳಿದ ಅಸಿಟೋನ್ ಸಾಕು ಅನಾಹುತಕ್ಕೆ. ಶುದ್ಧವಾದ ಬಿಲ್ಲೆಯನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ, ಭಟ್ಟಿ ಇಳಿಸಿದ ನೀರಿನೊಳಗೆ ಇಟ್ಟರೆ ಮತ್ತೆ ಹಳದಿಯಾಗುವುದು ತಪ್ಪುತ್ತದೆ.

ಸೀಳಿದ ಬಿಲ್ಲೆಯ ವಿಷಯ ಬೇರೆ. ಒಣಗಿದ ಸರಂಧ್ರ ಗಾಜು ನೀರನ್ನು ಹೀರಿದಾಗ ತುಸುವೇ ಹಿಗ್ಗುತ್ತದೆ. ಹೊರಪದರ ನೀರುಂಡು ಹಿಗ್ಗಿ, ಒಳಭಾಗ ಇನ್ನೂ ಒಣಗಿಯೇ ಇರುವ ಆ ಹೊತ್ತಿನಲ್ಲಿ ಎರಡರ ನಡುವೆ ಎಳೆತ ಉಂಟಾಗುತ್ತದೆ. ಜೊತೆಗೆ ಸುತ್ತಲಿಂದಲೂ ನುಗ್ಗುವ ನೀರಿನ ಮುಂದೆ ಸಿಕ್ಕಿಬಿದ್ದ ಗಾಳಿ ಹೊರಬರಲು ಹೆಣಗುತ್ತದೆ. ನೀರಿಗೆ ಹಾಕಿದೊಡನೆ ಅಂಚಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುವುದನ್ನು ನೀವು ನೋಡಿರಬಹುದು. ದಪ್ಪ ಬಿಲ್ಲೆಗಳಲ್ಲಿ ಇದು ಸೀಳುವವರೆಗೆ ಹೋಗುತ್ತದೆ. ಒಣ ಬಿಲ್ಲೆಯನ್ನು ಮೊದಲು ತಳದಲ್ಲಿ ನೀರಿರುವ ಮುಚ್ಚಿದ ಪಾತ್ರೆಯಲ್ಲಿ, ನೀರಿಗೆ ತಗಲದಂತೆ ಒಂದೆರಡು ದಿನ ಇಟ್ಟು, ತೇವವನ್ನು ಆವಿಯ ರೂಪದಲ್ಲಿ ಹೀರಲು ಬಿಟ್ಟ ಮೇಲೆ ಮುಳುಗಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಒಣಗಿಸುವಾಗಲೂ ಇದೇ ನಿಧಾನ ಬೇಕು.

ಪ್ರಶ್ನೆ: ಸರಂಧ್ರ ಗಾಜಿನ ಪುಡಿಯನ್ನು ನೀರು ಅಂಟದಂತೆ ಮಾಡಲು ಹೆಕ್ಸಾಮೀಥೈಲ್‌ಡೈಸಿಲಜೇನ್ ಎಂಬ ಸಿಲಿಕಾನ್ ಸಂಯುಕ್ತವನ್ನು ಬಳಸಿದೆವು. ಪುಡಿ ನೀರಿನ ಮೇಲೆ ತೇಲುತ್ತದೆ, ಆದರೆ ತೇವದ ಗಾಳಿಯಲ್ಲಿಟ್ಟರೆ ತೂಕ ಹೆಚ್ಚುತ್ತದೆ. ಇನ್ನೊಂದು ಸಲ ಕ್ಲೋರೋಸಿಲೇನ್ (ಸಿಲಿಕಾನ್‌ಗೆ ಕ್ಲೋರಿನ್ ಅಂಟಿರುವ ಸಂಯುಕ್ತ) ಬಳಸಿದಾಗ ರಂಧ್ರಗಳೇ ಮುಚ್ಚಿಹೋದಂತಾಯಿತು. ಎಲ್ಲಿ ಎಡವಿದ್ದೇವೆ?

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇವೆ. ಇಂಥ ಸಂಸ್ಕರಣೆ ಕೈಕೊಟ್ಟಾಗ ಎಲ್ಲರೂ ಮೊದಲು ಅನುಮಾನಿಸುವುದು ಸೀಸೆಯಲ್ಲಿರುವ ರಾಸಾಯನಿಕವನ್ನು. ನಮ್ಮ ಅಭಿಪ್ರಾಯದಲ್ಲಿ ಮೊದಲು ಅನುಮಾನಿಸಬೇಕಾದದ್ದು ರಂಧ್ರದೊಳಗಿನ ನೀರನ್ನು.

ಸಿಲಿಕಾದ ಗೋಡೆಯಲ್ಲಿ ಎರಡು ಬಗೆಯ ನೆಲೆಗಳಿವೆ. ಸಿಲಿಕಾನ್ ಪರಮಾಣುವಿಗೆ ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿರುವ ನೆಲೆಗೆ ಸಿಲನಾಲ್ ಎನ್ನುತ್ತಾರೆ. ಎರಡು ಸಿಲಿಕಾನ್‌ಗಳನ್ನು ಒಂದು ಆಮ್ಲಜನಕ ಜೋಡಿಸಿರುವ ನೆಲೆಗೆ ಸಿಲಾಕ್ಸೇನ್ ಎನ್ನುತ್ತಾರೆ. ನೀರನ್ನು ಸೆಳೆಯುವುದೂ ಹೊರಗಿನ ರಾಸಾಯನಿಕಕ್ಕೆ ಹಿಡಿತ ಕೊಡುವುದೂ ಸಿಲನಾಲ್. ಪೂರ್ತಿ ನೀರುಂಡ ಸಿಲಿಕಾ ಮೇಲ್ಮೈಯಲ್ಲಿ ಒಂದು ಚದರ ನ್ಯಾನೋಮೀಟರ್‌ಗೆ ಸುಮಾರು 4.6ರಿಂದ 4.9 ಸಿಲನಾಲ್‌ಗಳಿರುತ್ತವೆ ಎಂಬುದು ರಷ್ಯದ ವಿಜ್ಞಾನಿ ಝುರಾವ್ಲೆವ್ ಹಲವಾರು ಬಗೆಯ ಸಿಲಿಕಾಗಳನ್ನು ಅಳೆದು ಕಂಡುಕೊಂಡ ಸಂಖ್ಯೆ. ಸಿಲಿಕಾ ಯಾವ ದಾರಿಯಿಂದ ತಯಾರಾಗಿದ್ದರೂ ಈ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ.

ಹೆಕ್ಸಾಮೀಥೈಲ್‌ಡೈಸಿಲಜೇನ್‌ನ ಒಂದು ಅಣು ಎರಡು ಸಿಲನಾಲ್‌ಗಳ ಜೊತೆ ವರ್ತಿಸಿ, ಎರಡು ಟ್ರೈಮೀಥೈಲ್‌ಸಿಲೈಲ್ ಗುಂಪುಗಳನ್ನು ಗೋಡೆಗೆ ಕಟ್ಟಿ, ಅಮೋನಿಯಾವನ್ನು ಬಿಡುಗಡೆ ಮಾಡುತ್ತದೆ. ಮೂರು ಮೀಥೈಲ್‌ಗಳನ್ನು ಹರಡಿಕೊಂಡು ನಿಂತ ಈ ಗುಂಪು ಬಿಚ್ಚಿದ ಕೊಡೆಯಂತೆ ಸುಮಾರು 0.43 ಚದರ ನ್ಯಾನೋಮೀಟರ್ ಜಾಗವನ್ನು ಆವರಿಸುತ್ತದೆ. ಹಾಗಿದ್ದಮೇಲೆ ಒಂದು ಚದರ ನ್ಯಾನೋಮೀಟರ್‌ನಲ್ಲಿ ಇಂಥವು ಸರಾಸರಿ 2.3ಕ್ಕಿಂತ ಹೆಚ್ಚು ಹಿಡಿಸಲಾರವು. ಅಂದರೆ ಎಷ್ಟೇ ಚೆನ್ನಾಗಿ ಸಂಸ್ಕರಿಸಿದರೂ ಸುಮಾರು ಅರ್ಧದಷ್ಟು ಸಿಲನಾಲ್‌ಗಳು ಅಡಿಯಲ್ಲಿ ಹಾಗೆಯೇ ಉಳಿಯುತ್ತವೆ. ದ್ರವರೂಪದ ನೀರಿನ ಹನಿಗೆ ಒಳಬರಲು ದಾರಿಯಿಲ್ಲ. ಆದ್ದರಿಂದ ನಿಮ್ಮ ಪುಡಿ ತೇಲುತ್ತದೆ. ಒಂದೊಂದೇ ಅಣುವಾಗಿ ಬರುವ ಆವಿಗೆ ಮಾತ್ರ ಸಂದುಗಳಲ್ಲಿ ನುಸುಳುವುದು ಸಾಧ್ಯ; ಆದ್ದರಿಂದ ತೂಕ ಹೆಚ್ಚುತ್ತದೆ. ತೂಕದ ಏರಿಕೆ ಅಲ್ಪವಾಗಿದ್ದರೆ ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಗಣನೀಯವಾಗಿದ್ದರೆ, ಸಂಸ್ಕರಣೆಗೆ ಮೊದಲಿನ ಒಣಗಿಸುವಿಕೆಯಲ್ಲಿ ಕೊರತೆಯಿದೆ.

ಈ ಒಣಗಿಸುವಿಕೆಗೆ ಒಂದು ಕೆಳಮಿತಿಯೂ ಒಂದು ಮೇಲ್ಮಿತಿಯೂ ಇವೆ. ಗೋಡೆಗೆ ಬರಿದೇ ಅಂಟಿಕೊಂಡ ನೀರು ನಿರ್ವಾತದಲ್ಲಿ 150ರಿಂದ 200 ಡಿಗ್ರಿಯ ಒಳಗೆ ಹೊರಟುಹೋಗುತ್ತದೆ. ಅದಕ್ಕಿಂತ ಮೇಲೆ ಹೋದಂತೆ ಅಕ್ಕಪಕ್ಕದ ಸಿಲನಾಲ್‌ಗಳೇ ಒಂದರೊಡನೊಂದು ಸೇರಿ, ನೀರನ್ನು ಕಳಚಿಕೊಂಡು ಸಿಲಾಕ್ಸೇನ್ ಆಗತೊಡಗುತ್ತವೆ. 400 ಡಿಗ್ರಿ ದಾಟಿದ ಮೇಲೆ ಗೋಡೆ ಮತ್ತೆ ನೀರುಂಡು ಮೊದಲಿನಂತಾಗುವುದೂ ನಿಧಾನವಾಗುತ್ತದೆ. ಹೆಚ್ಚು ಕಾಯಿಸಿದಷ್ಟೂ ಶುದ್ಧವಾಗುತ್ತದೆಂದು 600 ಡಿಗ್ರಿಯಲ್ಲಿಟ್ಟು ತಂದ ಗಾಜಿಗೆ ರಾಸಾಯನಿಕ ಹಿಡಿದುಕೊಳ್ಳಲು ನೆಲೆಗಳೇ ಕಡಿಮೆಯಾಗಿರುತ್ತವೆ. 150ರಿಂದ 200 ಡಿಗ್ರಿಯ ನಡುವೆ, ನಿರ್ವಾತದಲ್ಲಿ, ಹಲವು ಗಂಟೆ ಒಣಗಿಸಿ, ಗಾಳಿಗೆ ಒಡ್ಡದೆ ಅದೇ ಪಾತ್ರೆಯೊಳಕ್ಕೆ ಹೆಕ್ಸಾಮೀಥೈಲ್‌ಡೈಸಿಲಜೇನ್ ಆವಿಯನ್ನು ಬಿಡುವುದು ಒಳ್ಳೆಯ ಪದ್ಧತಿ. ಒಣಗಿಸಿದ ಪುಡಿಯನ್ನು ತೂಗಲೆಂದು ಹೊರತೆಗೆದರೆ, ತಕ್ಕಡಿಯ ಮೇಲೆ ಅಂಕಿ ಏರುತ್ತಲೇ ಹೋಗುವುದನ್ನು ಕಣ್ಣಾರೆ ನೋಡಬಹುದು. ಆ ಹೊತ್ತಿಗೆ ನಿಮ್ಮ ಒಣಗಿಸುವಿಕೆ ವ್ಯರ್ಥವಾಗಿರುತ್ತದೆ.

ಇನ್ನು ರಂಧ್ರ ಮುಚ್ಚಿಹೋದ ವಿಷಯ. ನೀವು ಬಳಸಿದ್ದು ಮೂರು ಕ್ಲೋರಿನ್‌ಗಳಿರುವ ಸಿಲೇನ್ ಆಗಿದ್ದರೆ ಕಾರಣ ಸ್ಪಷ್ಟ. ಒಂದೇ ಕ್ಲೋರಿನ್ ಇರುವ ಟ್ರೈಮೀಥೈಲ್‌ಕ್ಲೋರೋಸಿಲೇನ್ ಗೋಡೆಗೆ ಒಂದು ಕೊಂಡಿಯಿಂದ ಕಟ್ಟಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಮೂರು ಕ್ಲೋರಿನ್‌ಗಳ ಸಿಲೇನ್ ಮಾತ್ರ, ರಂಧ್ರದಲ್ಲಿ ಉಳಿದಿರುವ ನೀರಿನೊಡನೆ ವರ್ತಿಸಿ, ತನ್ನ ತನ್ನಲ್ಲೇ ಜಾಲ ಕಟ್ಟಿಕೊಂಡು ಬೆಳೆಯುತ್ತದೆ. 4 ನ್ಯಾನೋಮೀಟರ್‌ನ ಬಾಯಿ ಮುಚ್ಚಲು ಆ ಜಾಲದ ಕೆಲವೇ ಪದರಗಳು ಸಾಕು. ಗೋಡೆಗೆ ಕಟ್ಟುವ ಸರಪಳಿಯ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹದಿನೆಂಟು ಇಂಗಾಲಗಳ ಸರಪಳಿ ನೆಟ್ಟಗೆ ನಿಂತರೆ ಎರಡು ನ್ಯಾನೋಮೀಟರ್ ಮೀರುತ್ತದೆ; ಎದುರುಬದುರಿನ ಗೋಡೆಗಳಿಂದ ಬೆಳೆದ ಸರಪಳಿಗಳು ನಡುವೆ ಸಂಧಿಸಿದರೆ ರಂಧ್ರವೇ ಇಲ್ಲ. ಪುಟ್ಟ ಟ್ರೈಮೀಥೈಲ್‌ಸಿಲೈಲ್ ಪದರ ಕೂಡ ಪ್ರತಿ ಬದಿಯಲ್ಲಿ 0.4 ನ್ಯಾನೋಮೀಟರ್ ಆವರಿಸುತ್ತದೆಂದು ಹಿಡಿದರೆ, ವ್ಯಾಸ 4ರಿಂದ 3.2ಕ್ಕೆ ಇಳಿದು, ರಂಧ್ರದ ಅಡ್ಡಕೊಯ್ತದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಕ್ಲೋರೋಸಿಲೇನ್‌ಗಳು ತೇವ ತಗುಲಿದೊಡನೆ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಕಾರುತ್ತವೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಪ್ರಶ್ನೆ: ಕ್ಷಾರವು ಸಿಲಿಕಾವನ್ನು ಕರಗಿಸುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಹಾಗಿದ್ದರೂ ಸರಂಧ್ರ ಗಾಜನ್ನು ಉತ್ತಮಪಡಿಸಲು ಕ್ಷಾರದಲ್ಲಿ ಅದ್ದುತ್ತಾರೆಂದು ಓದಿದೆ. ಇದು ಹೇಗೆ?

ಉತ್ತರ: ಎರಡೂ ಸರಿ. ಆಮ್ಲವು ಬೋರೇಟ್ ಭಾಗವನ್ನು ಕರಗಿಸಿದಾಗ ಆ ಭಾಗದಲ್ಲಿ ಬೆರೆತಿದ್ದ ಅಲ್ಪಸ್ವಲ್ಪ ಸಿಲಿಕಾ ಹೊರಹೋಗದೆ, ಅತಿ ಸೂಕ್ಷ್ಮ ಕಣಗಳಾಗಿ ರಂಧ್ರದೊಳಗೇ ನೆಲೆಸುತ್ತದೆ. ನಾವು 4 ನ್ಯಾನೋಮೀಟರ್ ಎಂದು ಅಳೆಯುವುದು ಬಹುಮಟ್ಟಿಗೆ ಈ ಕಣಗಳ ನಡುವಿನ ಸಂದುಗಳನ್ನು. ಕಣ ಸಣ್ಣದಾದಷ್ಟೂ ಬೇಗ ಕರಗುವುದರಿಂದ, ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವು ಹಂದರವನ್ನು ಹೆಚ್ಚು ಮುಟ್ಟುವ ಮೊದಲೇ ಈ ಕಣಗಳನ್ನು ಕರಗಿಸುತ್ತದೆ. ಆಗ ಮೂಲ ಬೋರೇಟ್ ಕಾಲುವೆಗಳ ಪೂರ್ಣ ಅಗಲ ತೆರೆದುಕೊಳ್ಳುತ್ತದೆ. ಆ ಅಗಲವನ್ನು ಮೊದಲೇ ಗೊತ್ತುಪಡಿಸುವುದು ಗಾಜನ್ನು ಬೇರ್ಪಡಿಸುವಾಗಿನ ಉಷ್ಣತೆ ಮತ್ತು ಅವಧಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಹ್ಯಾಲರ್ 1965ರಲ್ಲಿ ಪ್ರಕಟಿಸಿದ, ನಿಯಂತ್ರಿತ ರಂಧ್ರಗಳ ಗಾಜು ಎಂದು ಹೆಸರಾದ ವಸ್ತುವಿನ ತಯಾರಿಕೆ ನಿಂತಿರುವುದು ಈ ತತ್ವದ ಮೇಲೆ. ಹತ್ತರಿಂದ ಕೆಲವು ನೂರು ನ್ಯಾನೋಮೀಟರ್‌ವರೆಗೆ ಬೇಕಾದ ವ್ಯಾಸದ, ಬಹುತೇಕ ಒಂದೇ ಅಳತೆಯ ರಂಧ್ರಗಳನ್ನು ಇದರಿಂದ ಪಡೆಯಬಹುದು.

ಅಗಲ ಯಾಕೆ ಬೇಕೆಂದರೆ, ಕಿಣ್ವದಂಥ ಅಣುವೇ ಕೆಲವು ನ್ಯಾನೋಮೀಟರ್ ಗಾತ್ರದ್ದು. 4 ನ್ಯಾನೋಮೀಟರ್‌ನ ರಂಧ್ರದೊಳಗೆ ಅದಕ್ಕೆ ಪ್ರವೇಶವೇ ಇಲ್ಲ. 1969ರಲ್ಲಿ ಕಾರ್ನಿಂಗ್‌ನ ವೀಟಾಲ್, ತುದಿಯಲ್ಲಿ ಅಮೈನ್ ಗುಂಪು (ಸಾರಜನಕವಿರುವ ಗುಂಪು) ಇರುವ ಸಿಲೇನನ್ನು ಸರಂಧ್ರ ಗಾಜಿನ ಗೋಡೆಗೆ ಕಟ್ಟಿ, ಅದರ ಮೂಲಕ ಟ್ರಿಪ್ಸಿನ್, ಪಪೈನ್ ಕಿಣ್ವಗಳನ್ನು ಗಾಜಿಗೆ ಶಾಶ್ವತವಾಗಿ ಬಂಧಿಸಿ ತೋರಿಸಿದರು. ಇಂದು ಡಿಎನ್‌ಎ ತುಣುಕುಗಳನ್ನು ಯಂತ್ರದಲ್ಲಿ ಸಂಶ್ಲೇಷಿಸುವಾಗ ಮೊದಲ ಕೊಂಡಿಯನ್ನು ಕಟ್ಟಿಡುವುದು ಹೆಚ್ಚಾಗಿ ಇಂಥದೇ ಗಾಜಿನ ಕಣಗಳಿಗೆ. ಚಿಕ್ಕ ತುಣುಕುಗಳಿಗೆ 50 ನ್ಯಾನೋಮೀಟರ್, ಉದ್ದನೆಯವಕ್ಕೆ 100 ನ್ಯಾನೋಮೀಟರ್ ರಂಧ್ರಗಳ ಗಾಜನ್ನು ಆರಿಸುತ್ತಾರೆ. ಅಗಲಕ್ಕೆ ತೆರಬೇಕಾದ ಬೆಲೆ ಮೇಲ್ಮೈ: ರಂಧ್ರಗಳ ಒಟ್ಟು ಗಾತ್ರ ಅಷ್ಟೇ ಇದ್ದು ವ್ಯಾಸ ಹತ್ತುಪಟ್ಟಾದರೆ ಗೋಡೆಯ ವಿಸ್ತೀರ್ಣ ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಕ್ಷಾರದಲ್ಲಿ ಹೊತ್ತು ಮೀರಿದರೆ ಹಂದರವೂ ಸವೆದು ಗಾಜು ಮುಟ್ಟಿದರೆ ಪುಡಿಯಾಗುವಂತಾಗುತ್ತದೆ. ಕ್ಷಾರದ ನಂತರ ಆಮ್ಲದಲ್ಲೊಮ್ಮೆ, ನೀರಿನಲ್ಲಿ ಹಲವು ಸಲ ತೊಳೆಯುವುದನ್ನು ಬಿಡಬಾರದು. ಗೋಡೆಯಲ್ಲಿ ಉಳಿದ ಸೋಡಿಯಂ ಮುಂದಿನ ಎಲ್ಲ ಸಂಸ್ಕರಣೆಗಳನ್ನೂ ಕೆಡಿಸುತ್ತದೆ.

ಪ್ರಶ್ನೆ: ಸಿದ್ಧವಾದ ಸರಂಧ್ರ ಗಾಜು ಕ್ಷಾರೀಯ ದ್ರಾವಣದಲ್ಲಿ ಬಾಳಿಕೆ ಬರಬೇಕಾದರೆ ಏನು ಮಾಡಬೇಕು?

ಉತ್ತರ: ಜಿರ್ಕೋನಿಯಂ ಲವಣದ ದ್ರಾವಣವನ್ನು ರಂಧ್ರಗಳಿಗೆ ಹೀರಿಸಿ, ಒಣಗಿಸಿ, ಕಾಯಿಸಿ, ಗೋಡೆಯ ಮೇಲೆ ಜಿರ್ಕೋನಿಯಂ ಆಕ್ಸೈಡಿನ ತೆಳು ಲೇಪವನ್ನು ಮೂಡಿಸುವುದು ಬಲ್ಲ ಉಪಾಯ. ಇದರಿಂದ ಕರಗುವಿಕೆ ಬಹಳ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ದ್ರಾವಣದ ಪಿಎಚ್ ಸದಾ 9 ಮೀರಿರುವ ಕೆಲಸಕ್ಕೆ ಬೇರೆ ವಸ್ತುವನ್ನೇ ಆರಿಸಿಕೊಳ್ಳುವುದು ಮೇಲು.

ಪ್ರಶ್ನೆ: ಆಪ್ಟಿಕಲ್ ಫೈಬರ್ ತಯಾರಿಕೆಯಲ್ಲಿಯೂ ಸರಂಧ್ರ ಗಾಜಿನ ಹಂತವೊಂದಿದೆ ಎಂದು ಬರೆದಿದ್ದಿರಿ. ಕೊನೆಗೆ ರಂಧ್ರಗಳಿಲ್ಲದ ಗಾಜೇ ಬೇಕಾಗಿರುವಾಗ ಈ ಸುತ್ತುದಾರಿ ಏಕೆ?

ಉತ್ತರ: ಸುತ್ತುದಾರಿಯಂತೆ ಕಂಡರೂ ಗುಣಮಟ್ಟವನ್ನು ಕಾಯುವುದು ಈ ಹಂತವೇ. ಸಿಲಿಕಾನ್ ಟೆಟ್ರಾಕ್ಲೋರೈಡಿನ ಆವಿಯನ್ನು ಹೈಡ್ರೋಜನ್ ಮತ್ತು ಆಮ್ಲಜನಕದ ಜ್ವಾಲೆಯಲ್ಲಿ ಉರಿಸಿದಾಗ ಸಿಲಿಕಾದ ನುಣ್ಣನೆಯ ಮಸಿ ಉಂಟಾಗುತ್ತದೆ. ಅದನ್ನು ಒಂದು ದಂಡದ ಮೇಲೆ ಪದರಪದರವಾಗಿ ಕೂರಿಸಿದರೆ ಬಿಳಿಯ, ಸರಂಧ್ರವಾದ ಉರುಳೆ ಸಿಗುತ್ತದೆ. ಹೈಡ್ರೋಜನ್ ಉರಿದ ಕಡೆ ನೀರು ಹುಟ್ಟುವುದರಿಂದ ಈ ಮಸಿಯ ಕಣಗಳ ಮೇಲೆಲ್ಲ ಸಿಲನಾಲ್‌ಗಳಿರುತ್ತವೆ.

ಹೈಡ್ರಾಕ್ಸಿಲ್ ಗುಂಪು 2.7 ಮೈಕ್ರೋಮೀಟರ್‌ನ ಆಸುಪಾಸಿನಲ್ಲಿ ಅವಕೆಂಪು ಬೆಳಕನ್ನು ಬಲವಾಗಿ ಹೀರುತ್ತದೆ. ಅದರ ಅರ್ಧ ತರಂಗಾಂತರದಲ್ಲಿ, ಅಂದರೆ 1.38 ಮೈಕ್ರೋಮೀಟರ್‌ನಲ್ಲಿ, ಇನ್ನೊಂದು ಹೀರಿಕೆ ಇದೆ. ಫೈಬರಿನಲ್ಲಿ ಸಂದೇಶಗಳು ಸಾಗುವ 1.31 ಮತ್ತು 1.55 ಮೈಕ್ರೋಮೀಟರ್‌ಗಳ ನಡುವೆಯೇ ಇದು ಬರುತ್ತದೆ. ಹತ್ತು ಲಕ್ಷಕ್ಕೆ ಒಂದು ಭಾಗ ಹೈಡ್ರಾಕ್ಸಿಲ್ ಉಳಿದರೂ ಈ ತರಂಗಾಂತರದಲ್ಲಿ ಪ್ರತಿ ಕಿಲೋಮೀಟರಿಗೆ ಹತ್ತಾರು ಡೆಸಿಬೆಲ್ ನಷ್ಟವಾಗುತ್ತದೆ. ಒಳ್ಳೆಯ ಫೈಬರಿನಲ್ಲಿ 1.55 ಮೈಕ್ರೋಮೀಟರ್‌ನಲ್ಲಿ ಆಗುವ ಒಟ್ಟು ನಷ್ಟವೇ ಕಿಲೋಮೀಟರಿಗೆ 0.2 ಡೆಸಿಬೆಲ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಸಮಸ್ಯೆಯ ಪ್ರಮಾಣ ತಿಳಿಯುತ್ತದೆ.

ಒಮ್ಮೆ ಗಟ್ಟಿಯಾದ ಗಾಜಿನೊಳಗಿಂದ ಹೈಡ್ರಾಕ್ಸಿಲನ್ನು ಹೊರತೆಗೆಯುವುದು ಕಾರ್ಯಸಾಧ್ಯವಲ್ಲ; ಅದು ಅಲ್ಲಿ ಅತಿ ನಿಧಾನವಾಗಿ ಚಲಿಸುತ್ತದೆ. ರಂಧ್ರಗಳು ತೆರೆದಿರುವಾಗ ಮಾತ್ರ ಪ್ರತಿಯೊಂದು ಸಿಲನಾಲ್‌ ಹತ್ತಿರಕ್ಕೂ ಅನಿಲ ತಲುಪಬಲ್ಲದು. ಆದ್ದರಿಂದ ಉರುಳೆಯನ್ನು ಹೀಲಿಯಂ ಮತ್ತು ಕ್ಲೋರಿನ್ ಮಿಶ್ರಣದಲ್ಲಿ 1000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಕ್ಲೋರಿನ್ ಹೈಡ್ರಾಕ್ಸಿಲನ್ನು ಕಿತ್ತು, ಹೈಡ್ರೋಜನ್ನನ್ನು ಹೈಡ್ರೋಜನ್ ಕ್ಲೋರೈಡಾಗಿ ಹೊರಗೊಯ್ಯುತ್ತದೆ. ಕಬ್ಬಿಣದಂಥ ಲೋಹಗಳ ಕಶ್ಮಲವನ್ನೂ ಆವಿಯಾಗುವ ಕ್ಲೋರೈಡುಗಳನ್ನಾಗಿಸಿ ತೆಗೆದುಹಾಕುತ್ತದೆ. ಬಳಿಕ ಉಷ್ಣತೆಯನ್ನು ಇನ್ನಷ್ಟು ಏರಿಸಿ ರಂಧ್ರಗಳನ್ನು ಮುಚ್ಚಿಸುತ್ತಾರೆ. ಇದೇ ಹಂತದಲ್ಲಿ ಫ್ಲೋರಿನ್ ಇರುವ ಅನಿಲವನ್ನು ಹಾಯಿಸಿದರೆ ಗಾಜಿನ ವಕ್ರೀಭವನ ಸೂಚ್ಯಂಕ ತಗ್ಗುತ್ತದೆ. ಫೈಬರಿನ ಹೊರಕವಚಕ್ಕೆ ಇದು ಒಮ್ಮೊಮ್ಮೆ ಬೇಕಾಗುತ್ತದೆ.

ಕ್ಲೋರಿನ್ ಬದಲು ಅಮೋನಿಯಾ ಬಳಸಿದರೆ ಫಲ ಬೇರೆ. ಸುಮಾರು 900 ಡಿಗ್ರಿಯ ಆಸುಪಾಸಿನಲ್ಲಿ ಅಮೋನಿಯಾ ಸಿಲನಾಲ್‌ಗಳನ್ನು ತೆಗೆಯುವುದರ ಜೊತೆಗೆ, ಅವುಗಳ ಜಾಗದಲ್ಲಿ ಸಾರಜನಕವನ್ನು ಕೂರಿಸುತ್ತದೆ. ಆಮ್ಲಜನಕ ಎರಡು ಸಿಲಿಕಾನ್‌ಗಳನ್ನು ಹಿಡಿದರೆ ಸಾರಜನಕ ಮೂರನ್ನು ಹಿಡಿಯಬಲ್ಲದು. ಹಂದರ ಬಿಗಿಯಾಗಿ, ಹೆಚ್ಚಿನ ಉಷ್ಣತೆಯಲ್ಲಿ ಗಾಜು ಮೆತ್ತಗಾಗುವುದು ತಡವಾಗುತ್ತದೆ. ಎಲ್ಮರ್ ಮತ್ತು ನಾರ್ಡ್‌ಬರ್ಗ್ 1960ರ ದಶಕದಲ್ಲಿ ಸರಂಧ್ರ ಗಾಜನ್ನು ಹೀಗೆ ಸಂಸ್ಕರಿಸಿ ಪರೀಕ್ಷಿಸಿದ್ದರು.

ಪ್ರಶ್ನೆ: ಟೆಟ್ರಾಈಥೈಲ್ ಆರ್ಥೋಸಿಲಿಕೇಟ್ ಎಂಬ ಸಿಲಿಕಾನ್ ಸಂಯುಕ್ತದಿಂದ ನಾವು ಮಾಡಿದ ಸಿಲಿಕಾ ಜೆಲ್ಲಿನ ದಿಂಡುಗಳು ಒಣಗುವಾಗ ಪ್ರತಿ ಸಲವೂ ಚೂರಾಗುತ್ತವೆ. ರಾಸಾಯನಿಕ ಉಪಾಯವಿದೆಯೆ?

ಉತ್ತರ: ಮೊದಲು ಎಷ್ಟು ಬಲದ ವಿರುದ್ಧ ಹೋರಾಡುತ್ತಿದ್ದೀರಿ ಎಂಬುದನ್ನು ನೋಡೋಣ. ರಂಧ್ರದಲ್ಲಿ ಬಾಗಿ ನಿಂತ ದ್ರವದ ಮೇಲ್ಮೈ ಗೋಡೆಗಳನ್ನು ಒಳಕ್ಕೆಳೆಯುವ ಒತ್ತಡವು ಮೇಲ್ಮೈ ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದಷ್ಟಿರುತ್ತದೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್, ತ್ರಿಜ್ಯ 2 ನ್ಯಾನೋಮೀಟರ್ ಎಂದಾದರೆ, ಒತ್ತಡ 72 ಮೆಗಾಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು 700 ಪಟ್ಟು. ಹಸಿ ಜೆಲ್ಲಿನ ಹಂದರ ಇದನ್ನು ತಾಳಲಾರದು.

ನೀರನ್ನು ಎಥನಾಲಿನಿಂದ ಬದಲಿಸಿದರೆ ಮೇಲ್ಮೈ ಎಳೆತ 0.022ಕ್ಕೆ ಇಳಿಯುವುದರಿಂದ ಒತ್ತಡ ಮೂರನೆಯ ಒಂದಕ್ಕಿಂತಲೂ ಕಡಿಮೆಯಾಗುತ್ತದೆ. ಜೆಲ್ಲನ್ನು ತನ್ನದೇ ದ್ರವದಲ್ಲಿ ಕೆಲವು ದಿನ ಬೆಚ್ಚಗೆ ಇರಿಸಿ ಮಾಗಿಸಿದರೆ ಕಣಗಳ ನಡುವಿನ ಕೊರಳುಗಳು ದಪ್ಪಗಾಗಿ ಹಂದರ ಬಲಗೊಳ್ಳುತ್ತದೆ. ಈ ಎರಡನ್ನು ಮಾಡದೆ ಬೇರೆ ಉಪಾಯ ಹುಡುಕುವುದು ವ್ಯರ್ಥ. ದ್ರವ ಮತ್ತು ಆವಿಯ ಭೇದವೇ ಅಳಿಯುವ ಕ್ರಾಂತಿಕ ಸ್ಥಿತಿಗೆ ಒಯ್ದು ಒಣಗಿಸುವುದು ಕಿಸ್ಲರ್ 1931ರಲ್ಲಿ ತೋರಿಸಿದ ದಾರಿ. ಬಹುಪಾಲು ಟೊಳ್ಳಾದ, ಅತಿ ಹಗುರವಾದ ಏರೋಜೆಲ್ ಹುಟ್ಟಿದ್ದು ಹಾಗೆ. ಅದಕ್ಕೆ ಹೆಚ್ಚಿನ ಒತ್ತಡ ತಾಳುವ ಪಾತ್ರೆ ಬೇಕು.

ಅಂಥ ಪಾತ್ರೆ ಇಲ್ಲದವರಿಗೆ 1990ರ ದಶಕದಲ್ಲಿ ಬ್ರಿಂಕರ್ ಮತ್ತು ಸಂಗಡಿಗರು ತೋರಿಸಿದ ರಾಸಾಯನಿಕ ದಾರಿ ಇದೆ. ಒಣಗುವಾಗ ಗೋಡೆಗಳು ಹತ್ತಿರ ಬರುವುದು ತಾತ್ಕಾಲಿಕವಾಗಿದ್ದರೆ ಹಾನಿಯಿಲ್ಲ. ಹತ್ತಿರ ಬಂದ ಗೋಡೆಗಳ ಸಿಲನಾಲ್‌ಗಳು ಪರಸ್ಪರ ಬೆಸೆದುಕೊಂಡು ಸಿಲಾಕ್ಸೇನ್ ಆಗಿಬಿಡುವುದರಿಂದ ಕುಗ್ಗಿದ ಜೆಲ್ ಕುಗ್ಗಿಯೇ ಉಳಿಯುತ್ತದೆ. ನೀರನ್ನು ಹೆಕ್ಸೇನ್‌ನಂಥ ದ್ರಾವಕದಿಂದ ಬದಲಿಸಿ, ಒಣಗಿಸುವ ಮೊದಲೇ ಟ್ರೈಮೀಥೈಲ್‌ಕ್ಲೋರೋಸಿಲೇನ್‌ನಿಂದ ಗೋಡೆಗಳನ್ನು ಮುಚ್ಚಿದರೆ, ಅವು ಮುಟ್ಟಿದರೂ ಬೆಸೆಯುವುದಿಲ್ಲ. ದ್ರವ ಹೊರಟುಹೋದ ಮೇಲೆ ಕುಗ್ಗಿದ ಜೆಲ್ ಮರಳಿ ಹಿಗ್ಗುತ್ತದೆ. ತೆಳು ಪದರಗಳಲ್ಲೂ ಕಾಳುಗಳಲ್ಲೂ ಇದು ಚೆನ್ನಾಗಿ ನಡೆಯುತ್ತದೆ. ನಿಮ್ಮ ದಿಂಡುಗಳಷ್ಟು ದಪ್ಪದ ವಸ್ತುವಿನಲ್ಲಿ ಬಿರುಕಿಲ್ಲದಂತೆ ಮಾಡಬೇಕಾದರೆ ದ್ರಾವಕ ಬದಲಿಸುವ ಒಂದೊಂದು ಹಂತಕ್ಕೂ ದಿನಗಟ್ಟಲೆ ಕಾಯಬೇಕಾಗುತ್ತದೆ.

ಪ್ರಶ್ನೆ: ಇಂಥ ಸಂಸ್ಕರಣೆಯನ್ನು ಮನೆಯಲ್ಲಿ ಮಾಡಿನೋಡಬಹುದೆ?

ಉತ್ತರ: ಬೇಡ. ಮೇಲೆ ಹೇಳಿದ ರಾಸಾಯನಿಕಗಳಲ್ಲಿ ಹೆಚ್ಚಿನವು ಸುಡುವ, ಹೊತ್ತಿಕೊಳ್ಳುವ ಅಥವಾ ವಿಷಕಾರಿಯಾದ ಪದಾರ್ಥಗಳು.

ಪ್ರಶ್ನೆ: ಗೋಡೆಯ ಮೇಲೆ ರಾಸಾಯನಿಕ ನಿಜವಾಗಿ ಕಟ್ಟಿಕೊಂಡಿದೆ ಎಂಬುದನ್ನು ತಿಳಿಯುವುದು ಹೇಗೆ? ನೀರಿನ ಹನಿಯ ಪರೀಕ್ಷೆ ಸಾಲದೆ?

ಉತ್ತರ: ಸಾಲದು. ಹನಿ ಹೊರಮೈಯನ್ನು ಮಾತ್ರ ಮುಟ್ಟುತ್ತದೆ. ನಿಮ್ಮ ವಸ್ತುವಿನ ಮೇಲ್ಮೈಯಲ್ಲಿ ಅತ್ಯಧಿಕ ಪಾಲು ಒಳಗಿದೆ. ಅವಕೆಂಪು ರೋಹಿತದಲ್ಲಿ ಒಂಟಿಯಾಗಿ ನಿಂತ ಸಿಲನಾಲ್‌ಗಳು ಪ್ರತಿ ಸೆಂಟಿಮೀಟರಿಗೆ 3745 ತರಂಗಸಂಖ್ಯೆಯ ಹತ್ತಿರ ಚೂಪಾದ ಗೆರೆಯನ್ನು ಕೊಡುತ್ತವೆ. ಸಂಸ್ಕರಣೆಯ ನಂತರ ಆ ಗೆರೆ ಮಾಯವಾಗಿ, 2960ರ ಆಸುಪಾಸಿನಲ್ಲಿ ಮೀಥೈಲ್ ಗುಂಪಿನ ಗೆರೆ ಮೂಡಿದರೆ ಕೆಲಸ ನಡೆದಿದೆ ಎಂದರ್ಥ. ಅಳೆಯುವ ಮೊದಲು ಮಾದರಿಯನ್ನು ಒಣಗಿಸದಿದ್ದರೆ ಹೀರಿಕೊಂಡ ನೀರಿನ ಅಗಲವಾದ ಪಟ್ಟಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ದ್ರವ ಸಾರಜನಕದ ಉಷ್ಣತೆಯಲ್ಲಿ ಸಾರಜನಕದ ಹೀರಿಕೆಯನ್ನು ಸಂಸ್ಕರಣೆಗೆ ಮೊದಲೂ ನಂತರವೂ ಅಳೆದರೆ ರಂಧ್ರಗಳು ಎಷ್ಟು ಕಿರಿದಾದವು, ಎಷ್ಟು ಮುಚ್ಚಿದವು ಎಂಬುದು ಗೊತ್ತಾಗುತ್ತದೆ. ಇಂಗಾಲದ ಪ್ರತಿಶತವನ್ನು ರಾಸಾಯನಿಕ ವಿಶ್ಲೇಷಣೆಯಿಂದ ಪಡೆದು, ಮೊದಲು ಅಳೆದ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿ, ಒಂದು ಚದರ ನ್ಯಾನೋಮೀಟರ್‌ಗೆ ಎಷ್ಟು ಗುಂಪುಗಳೆಂದು ಲೆಕ್ಕ ಹಾಕಬೇಕು. ಟ್ರೈಮೀಥೈಲ್‌ಸಿಲೈಲ್‌ಗೆ ಆ ಸಂಖ್ಯೆ 2ರ ಹತ್ತಿರ ಬಂದರೆ ಗೋಡೆ ಬಹುಮಟ್ಟಿಗೆ ತುಂಬಿದೆ. 1ಕ್ಕಿಂತ ಕೆಳಗಿದ್ದರೆ ಒಣಗಿಸುವ ಹಂತದಿಂದ ಮತ್ತೆ ಆರಂಭಿಸಬೇಕು. 3 ದಾಟಿದರೆ ಗೋಡೆಯ ಮೇಲೆ ಒಂದು ಪದರ ಕಟ್ಟಿಕೊಂಡದ್ದಲ್ಲ, ತೊಳೆಯದೆ ಉಳಿದದ್ದೇನೋ ರಂಧ್ರದೊಳಗಿದೆ.